ಎಡಗಡೆಯ ಕುರ್ಚಿ

ಹೆಣ್ಣು ನೋಡಲು ಬಂದವರ ಮುಂದೆ ಪಂಪಮ್ಮ ಕೂರಬೇಕಾದ ಕುರ್ಚಿಯನ್ನು, ಹಡಗಲಿಯ ಆ ಮನೆಯಲ್ಲಿ, ಯಾವಾಗಲೂ ಎಡಮಗ್ಗುಲು ಗೋಡೆಗೆ ತಾಗುವಂತೆ ಇಡುತ್ತಿದ್ದರು. ಅವಳ ಎಡಗಣ್ಣು ಗಾಜಿನದು. ಗೋಡೆಯ ಕಡೆಗಿದ್ದರೆ ಬಂದವರಿಗೆ ಕಾಣುವುದಿಲ್ಲ ಎಂದು ಹಿರಿಯರ ಲೆಕ್ಕ. ಈ ಸಲ ಪಂಪಮ್ಮ ಕುರ್ಚಿಯನ್ನು ದರದರ ಎಳೆದು, ಎಡಗೆನ್ನೆಯನ್ನೇ ಬಂದವರ ಕಡೆ ಮಾಡಿ ಕೂತಳು.

"ನೋಡ್ರಿ, ಈ ಕಣ್ಣು ಗಾಜಿಂದು," ಎಂದಳು. "ತಾಳಿ ಕಟ್ಟಿದ ಮ್ಯಾಲೆ ಗೊತ್ತಾಗಿ ನೀವು ಅಳೋದು ಬ್ಯಾಡ."

ತಂದೆ ಜಂಬಣ್ಣ ಹೂವಿನ ವ್ಯಾಪಾರಿ, ಮಾತಿನಲ್ಲಿ ಯಾರಿಗೂ ಸೋತವನಲ್ಲ. ಅವತ್ತು ಅವನೂ ಬಗ್ಗಿ ಚಾಪೆಯ ಅಂಚು ಸರಿಮಾಡತೊಡಗಿದ. ವರನ ತಾಯಿ ನಾಗಲಿಂಗಮ್ಮ ಮಂಡಕ್ಕಿಯ ತಟ್ಟೆಯನ್ನು ಕೆಳಗಿಟ್ಟಳು. ವರ ಹಾಲೇಶಪ್ಪ ಮಾತ್ರ ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ಅಯ್ಯೋ ಪಾಪವೂ ಇಲ್ಲ, ಅಸಹ್ಯವೂ ಇಲ್ಲ. ಕಳೆದ ವಸ್ತು ಸಿಕ್ಕವನ ಸಡಗರವಿತ್ತು.

"ಕಣ್ಣಾಗ ಗಡ್ಡಿ ಆಗಿತ್ತೇನ್ರಿ? ಸಣ್ಣಾಕಿದ್ದಾಗ ದೀಪದ ಬೆಳಕಿಗೆ ಕಣ್ಣು ಬೆಳ್ಳಗ ಹೊಳೀತಿತ್ತೇನು?"

"ಹೌದು. ಬೆಕ್ಕಿನ ಕಣ್ಣು, ಚೆಂದ ಐತಿ ಅಂತ ಮನಿಮಂದಿ ಸುಮ್ನಿದ್ರಂತ."

"ನಿಮ್ಮ ರಕ್ತ ಒಂದೀಟು ಸಿಗಬಹುದೇನ್ರಿ?"

ಪಂಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವವರನ್ನು ಕಂಡಿದ್ದಳು. ಹೆಣ್ಣಿನ ರಕ್ತ ಕೇಳುವವನನ್ನು ಕಂಡದ್ದು ಇದೇ ಮೊದಲು.

"ಬಾಗ್ಲ ಅಲ್ಲೈತಿ," ಎಂದು ಕೈ ತೋರಿಸಿದಳು.

ಅದೇ ವಾರ ಹಾಲೇಶಪ್ಪ ಒಬ್ಬನೇ ಬಂದ. ಪಂಪಮ್ಮ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮೊಗ್ಗಿನ ಬುಟ್ಟಿಗಳಿಗೆ ನೀರು ಚಿಮುಕಿಸುತ್ತಿದ್ದಳು.

"ಅವತ್ತು ನೀವು ಪೂರ್ತಿ ಬೈಯಲಿಲ್ಲ. ಉಳಿದಿದ್ದು ಬೈಸಿಕೊಳ್ಳಾಕ ಬಂದೀನ್ರಿ."

ನಗಬಾರದೆಂದು ಅವಳು ತುಟಿ ಕಚ್ಚಿಕೊಂಡಳು. ಅದನ್ನು ಅವನು ನೋಡಿಬಿಟ್ಟ. ಅವನು ನೋಡಿದ್ದನ್ನು ಅವಳೂ ನೋಡಿದಳು, ಬೇಕೆಂದೇ ಇನ್ನೊಂದು ಹಿಡಿ ನೀರನ್ನು ಅವನ ಪ್ಯಾಂಟಿನ ಮೇಲೆ ಚಿಮುಕಿಸಿದಳು.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಅವನ ಕೆಲಸ. ಮಕ್ಕಳ ಕಣ್ಣಿನಿಂದ ತೆಗೆದ ಗಡ್ಡೆಗಳು ಅಲ್ಲಿಗೆ ಬರುತ್ತವೆ. ಅವುಗಳ ಕ್ರೋಮೋಸೋಮಿನಲ್ಲಿ ಏನು ಕಳೆದುಹೋಗಿದೆ ಎಂದು ಹುಡುಕುವುದು ಅವನ ಪಾಲು. ಎಂಬತ್ತೊಂಬತ್ತನೇ ಇಸವಿ ಅದು. ಇಂಥದೊಂದು ಕೆಲಸ ಇದೆಯೆಂದು ನಮ್ಮ ಕಡೆಯವರು ಕೇಳಿಯೂ ಇರಲಿಲ್ಲ.

"ನನಗ ತಿಳಿಯಂಗ ಹೇಳ್ರಿ," ಎಂದಳು.

ಅವಳು ಕಟ್ಟಿಟ್ಟಿದ್ದ ಎರಡು ಮಾಲೆಯನ್ನು ಅವನು ಎತ್ತಿಕೊಂಡ. "ಕ್ರೋಮೋಸೋಮ್ ಅಂದ್ರ ಇಂಥ ಮಾಲಿ ಅಂತ ತಿಳ್ಕೋರಿ. ಎಲ್ಲರಿಗೂ ಇಪ್ಪತ್ಮೂರು ಜೋಡಿ ಇರತಾವ. ಹದಿಮೂರನೇ ಜೋಡ್ಯಾಗೂ ಅಪ್ಪಂದೊಂದು, ಅವ್ವಂದೊಂದು. ಎರಡರಾಗೂ ಒಂದೇ ಜಾಗದ ಹೂವು ಕೆಟ್ಟರ ಕಣ್ಣಾಗ ಗಡ್ಡಿ ಬೆಳೀತೈತಿ."

"ಕೆಟ್ಟದ್ದು ಹೆಂಗ ಕಾಣ್ತೈತಿ?"

"ಆ ಜಾಗಕ್ಕಷ್ಟ ಹೋಗಿ ಅಂಟಿಕೊಳ್ಳೋ ತುಣುಕು ಐತಿ, ಪ್ರೋಬ್ ಅಂತೀವಿ. ಅದಕ್ಕ ವಿಕಿರಣ ಸೇರಿಸಿ ಬಿಟ್ರ ಎಕ್ಸ್‌ರೇ ಫಿಲ್ಮಿನ ಮ್ಯಾಲೆ ಕರಿ ಗೆರಿ ಮೂಡತೈತಿ. ಎರಡು ಹೂವಿದ್ರ ಗೆರಿ ದಟ್ಟ. ಒಂದು ಉದುರಿ ಹೋಗಿದ್ರ ಮಾಸಲು."

"ನನ್ನ ಗಡ್ಡಿ ಎಂದೋ ತೆಗೆದು ಒಗೆದಾರ. ರಕ್ತದಾಗ ಏನ್ ಹುಡುಕ್ತೀರಿ?"

"ಒಂದು ಹೂವು ಹುಟ್ಟುತಲೇ ಉದುರಿದ್ರ ರಕ್ತದಾಗೂ ಗೊತ್ತಾಗಬಹುದು. ಹಂಗಿದ್ರ ಹುಟ್ಟೋ ಮಕ್ಕಳಿಗೂ ಬರಬಹುದು, ಅರ್ಧಕ್ಕರ್ಧ." ಅವನ ದನಿ ತಗ್ಗಿತು. "ನಾ ಹಟ ಹಿಡಿದ ಮ್ಯಾಲೆ, ರಕ್ತ ಚಲೋ ಇದ್ರಷ್ಟ ಮದುವಿ ಅಂತಾಳ ನಮ್ಮವ್ವ."

"ನೀವೇನಂತೀರಿ?"

"ನೀವು ಕುರ್ಚಿ ತಿರುಗಿಸಿದಾಗಲೇ ನನ್ನ ಮದುವಿ ಆಗಿಹೋಗೈತ್ರಿ."

ಪಂಪಮ್ಮನಿಗೆ ಅವನು ಇಷ್ಟವಾಗಿಬಿಟ್ಟಿದ್ದ, ಅದೇ ಕಷ್ಟ. ಆದರೂ ಇಷ್ಟಕ್ಕೆಲ್ಲ ತಲೆಬಾಗುವ ಹೆಣ್ಣಲ್ಲ ಅವಳು.

"ರಕ್ತ ಕೊಡ್ತೀನಿ. ನಿಮ್ಮವ್ವ ಒಪ್ಪಲಿ ಅಂತ ಅಲ್ಲ, ನನಗ ಗೊತ್ತಾಗಬೇಕು ಅಂತ. ನಿಮ್ಮದೂ ಪಕ್ಕಕ್ಕ ಇಡ್ರಿ. ನನಗೊಬ್ಬಾಕಿಗೇ ಯಾಕ ಪರೀಕ್ಷೆ?"

"ಹೋಲಿಸಾಕ ಇನ್ನೊಬ್ಬರದು ಹೆಂಗೂ ಬೇಕ್ರಿ. ನಂದೇ ಇಡ್ತೀನಿ."

"ಫಿಲ್ಮ್ ನಮ್ಮ ಮನ್ಯಾಗ, ನಿಮ್ಮವ್ವನ ಮುಂದ, ಮೊದಲು ನಾನು ನೋಡ್ತೀನಿ. ಎದ್ದು ಹೋಗೋರನ್ನ ನಾ ಕರಿಯಂಗಿಲ್ಲ."

ಮಲ್ಲಿಗೆಯ ಹಂಗಾಮು ಮುಗಿಯುವ ಹೊತ್ತಿಗೆ ತಾಯಿ ಮಗ ಫಿಲ್ಮ್ ಹಿಡಿದು ಬಂದರು. ಪಂಪಮ್ಮ ಕುರ್ಚಿಯನ್ನು ಪಡಸಾಲೆಯ ನಟ್ಟನಡುವೆ ಹಾಕಿಕೊಂಡಿದ್ದಳು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವನ ಹೆಸರಿನ ಕೆಳಗಿನ ಗೆರೆ ಕಾಡಿಗೆಯಷ್ಟು ಕಪ್ಪಾಗಿತ್ತು. ಪಕ್ಕದ ಅವಳ ಗೆರೆ ಮಾಸಿತ್ತು.

ಒಂದು ಗಳಿಗೆ ಇನ್ನೂ ಹುಟ್ಟದ ಕೂಸೊಂದು ಅವಳ ಕಣ್ಣ ಮುಂದೆ ಬಂದು ನಿಂತಿತು. ಆಮೇಲೆ ತಿರುಗಿ, ಎಲ್ಲರಿಗೂ ಕೇಳುವಂತೆ, "ನಂದು ಮಾಸೈತಿ," ಎಂದಳು.

ನಾಗಲಿಂಗಮ್ಮ ಎದ್ದಳು. "ನಡಿ ಹಾಲೇಶ."

"ಹೋಗೋದಾದ್ರ ಹೋಗ್ರಿ ಅಮ್ಮಾ," ಎಂದಳು ಪಂಪಮ್ಮ. "ಆದ್ರ ಕೇಳಿ ಹೋಗ್ರಿ. ನನ್ನ ಕಣ್ಣು ಹೊಳೀತಿದ್ದಾಗ ಮಂದಿ ಸುಮ್ನಿದ್ರು, ಅದಕ್ಕ ಹೋತು. ನನ್ನ ಕೂಸಿನ ಕಣ್ಣು ಹುಟ್ಟಿದ ವಾರದಾಗ ಡಾಕ್ಟರ್‌ಗೆ ತೋರಿಸ್ತೀನಿ, ಮತ್ತ ಮತ್ತ ತೋರಿಸ್ತೀನಿ. ಗಡ್ಡಿ ಸಣ್ಣದಿದ್ದಾಗ ಸಿಕ್ಕರ ಕಣ್ಣು ಉಳಿಸಬಹುದು."

"ಕಾಯೋರ್ ಯಾರು? ಒಂದು ಕಣ್ಣಿನಾಕಿ, ನೀನಾ?"

ಹಾಲೇಶಪ್ಪ ಎದ್ದ. ಪಂಪಮ್ಮ ಕರೆಯಲಿಲ್ಲ, ಬೆರಳುಗಳು ಮಾತ್ರ ಫಿಲ್ಮಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವನು ಬಾಗಿಲಿಗೆ ಹೋಗಲಿಲ್ಲ. ತಾನು ಕೂತಿದ್ದ ಕುರ್ಚಿಯನ್ನು ದರದರ ಎಳೆದು ತಂದು ಅವಳ ಎಡಗಡೆಗೆ ಹಾಕಿ ಕೂತ.

"ಮೂರು ಕಣ್ಣು ಅದಾವ ಅವ್ವಾ," ಎಂದ. "ಆಕಿದೊಂದು, ನನ್ನವೆರಡು."

ನಾಗಲಿಂಗಮ್ಮನ ಕೈ ಕೊರಳ ಲಿಂಗದ ಮೇಲೆ ಹೋಯಿತು. ಮೂರು ಕಣ್ಣಿನ ದೇವರನ್ನು ಕೊರಳಲ್ಲಿ ಕಟ್ಟಿಕೊಂಡವಳು ಮೂರು ಕಣ್ಣು ಬೇಡವೆನ್ನುವುದು ಹೇಗೆ? ಸಿಟ್ಟಿನಿಂದಲೇ ಕೂತಳು.

"ಆ ಕಡೆ ಕುಂತ್ರ ನಿಮ್ಮ ಮಾರಿ ನನಗ ಕಾಣಂಗಿಲ್ರಿ," ಎಂದಳು ಪಂಪಮ್ಮ ಮೆಲ್ಲಗೆ.

"ಕಾಣಬೇಕಂದ್ರ ತಿರುಗಿ ನೋಡ್ರಿ."

ಪಂಪಮ್ಮ ಅಷ್ಟೂ ಜನರ ಎದುರಿಗೇ ಪೂರ್ತಿ ತಿರುಗಿ ಅವನನ್ನು ನೋಡಿದಳು.