ಹಟ್ಟಿಯಲ್ಲಿ ಸಿಕ್ಕ ಹಳದಿ

ಬಹಳ ಹಿಂದೆ, ಪ್ರಾಣಿಗಳು ಇನ್ನೂ ಮಾತು ಬಿಡದ ಕಾಲದಲ್ಲಿ, ಬಣ್ಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಘೋರಕನೆಂಬ ಮಾಯಗಾರನಿಗೆ ಯಾರೂ ಹೆಣ್ಣು ಕೊಡಲಿಲ್ಲ. "ನನಗಿಲ್ಲದ ಮದುವೆ ಊರಿಗೇಕೆ?" ಎಂದು ಹೊಟ್ಟೆಕಿಚ್ಚಿನಿಂದ ರಾಜ್ಯದ ಹಳದಿಯನ್ನೆಲ್ಲ ಸೆಳೆದು ಒಂದು ಮಡಕೆಯಲ್ಲಿ ಮುಚ್ಚಿಟ್ಟ. ಅರಿಸಿನ ಬೂದಿ ಬಣ್ಣಕ್ಕೆ ತಿರುಗಿತು. ಅರಿಸಿನವಿಲ್ಲದೆ ಮದುವೆ ಎಲ್ಲಿಯದು? ಚಿತ್ರ ಬರೆಯುವ ದುಗ್ಗವ್ವ ತಾನು ಮೆಚ್ಚಿದ ನೇಕಾರ ಚೆನ್ನಿಗನ ಕೈ ಹಿಡಿಯುವುದರಲ್ಲಿದ್ದಳು. ಹಾಕಿದ ಚಪ್ಪರ ಹಾಗೇ ಉಳಿಯಿತು.

ದುಗ್ಗವ್ವ ಅಳುತ್ತ ಕೂರುವವಳಲ್ಲ. ನೇರ ಮಾಯಗಾರನ ಬಾಗಿಲಿಗೇ ಹೋದಳು.

"ನಾನು ಕದಿಯದ ಹಳದಿ ಎಲ್ಲಾದರೂ ಉಳಿದಿದ್ದರೆ ಈ ಮಡಕೆಯ ಮೇಲೆ ಒಂದು ಹನಿ ಬಿಡು, ಮಂತ್ರ ಮುರಿಯುತ್ತದೆ. ಆಗದಿದ್ದರೆ ಮದುವೆ ಮರೆತುಬಿಡು," ಎಂದು ಅವನು ಮೀಸೆ ತಿರುವಿದ.

ಮೊದಲು ಸೂರ್ಯನನ್ನು ಕೇಳಿದಳು. "ನನ್ನ ಬಿಸಿಲೇ ಸುಣ್ಣದಂತಾಗಿದೆ ತಾಯಿ," ಎಂದ ಸೂರ್ಯ. ಆಮೇಲೆ ಹುಲಿಯನ್ನು ಕೇಳಿದಳು. ಅದು ಪೊದೆಯಿಂದ ಹೊರಗೇ ಬರಲಿಲ್ಲ. "ಈ ಬೂದಿ ಮೈ ಹೊತ್ತು ಹೇಗೆ ಬರಲಿ ತಂಗಿ? ಜಿಂಕೆಗಳೂ ನಗುತ್ತವೆ," ಎಂದಿತು. ಇನ್ನು ಯಾರನ್ನು ಕೇಳುವುದೆಂದು ತೋಚದೆ ದುಗ್ಗವ್ವ ತನ್ನ ದನದ ಹಟ್ಟಿಯಲ್ಲಿ ಕುಸಿದು ಕೂತಳು. ಅವಳಿಗೆ ನಿಜಕ್ಕೂ ದುಃಖವಾಗಿತ್ತು.

ಆಗ ಅವಳ ಹಸು ಗೌರಿ ಬಾಯಿ ತೆರೆಯಿತು.

"ಮದುವೆ ನಿಂತಾಗಿನಿಂದ ಚಪ್ಪರದ ಮಾವಿನೆಲೆಯನ್ನೇ ನನಗೆ ಹಾಕುತ್ತಿದ್ದೀಯ. ಬೇರೆ ಹುಲ್ಲುಕಡ್ಡಿ ಕಂಡಿಲ್ಲ. ನನ್ನ ಗಂಜಲ ನೋಡಿದೆಯಾ?"

ದುಗ್ಗವ್ವ ಬಗ್ಗಿ ನೋಡಿದಳು. ಬರೀ ಮಾವಿನೆಲೆ ತಿಂದ ಹಸುವಿನ ಗಂಜಲ ನೆಲದ ಮೇಲೆ ಅಚ್ಚ ಹಳದಿಯಾಗಿ ಹೊಳೆಯುತ್ತಿತ್ತು. ಹೂ, ಹಣ್ಣು, ಬಿಸಿಲನ್ನೆಲ್ಲ ಜಾಲಾಡಿದ್ದ ಮಾಯಗಾರ, ಹಟ್ಟಿಯ ಬಳಿ ಮಾತ್ರ ಮೂಗು ಮುಚ್ಚಿಕೊಂಡು ಮುಂದೆ ಹೋಗಿದ್ದ. ಅವಳು ಗಂಜಲ ಹಿಡಿದು ಕಾಯಿಸಿ, ತಳದಲ್ಲಿ ಗಟ್ಟಿಯಾದದ್ದನ್ನು ಉಂಡೆ ಕಟ್ಟಿ, ನೀರಿನಲ್ಲಿ ತೇದು, ಕುಂಚ ಅದ್ದಿಕೊಂಡು ಓಡಿದಳು.

"ಥೂ, ಏನಿದು ನಾತ?" ಎಂದ ಘೋರಕ.

"ನೀನು ಬಿಟ್ಟುಬಂದ ಹಳದಿ, ಮಾವ," ಎಂದು ಒಂದು ಹನಿ ಬಿಟ್ಟಳು.

ಮಡಕೆ ಒಡೆದು ಹಳದಿ ಉಕ್ಕಿ ಹರಿಯಿತು. ಬಿಸಿಲು ಮರಳಿತು. ಕಾಡಿನಲ್ಲಿ ಹುಲಿ ಮೈ ಕೊಡವಿ ಗರ್ಜಿಸಿತು. ಮಂತ್ರವೆಲ್ಲ ತೊಳೆದುಹೋದ ಘೋರಕ ತಲೆಯಿಂದ ಕಾಲಿನವರೆಗೆ ಹಳದಿಯಾಗಿ, ಅರಿಸಿನ ಹಚ್ಚಿಸಿಕೊಂಡ ಮದುವಣಿಗನಂತೆ ನಿಂತ. ದುಗ್ಗವ್ವನಿಗೆ ನಗು ತಡೆಯಲಾಗಲಿಲ್ಲ, ಜೊತೆಗೆ ಕನಿಕರವೂ ಆಯಿತು. "ನಡಿ ಮಾವ, ಮದುವೆ ಊಟಕ್ಕೆ ಬಾ," ಎಂದು ಕರೆದಳು.

ಚಪ್ಪರದಲ್ಲಿ ಅವನನ್ನು ಕಂಡ ಕುಂಬಾರರ ಸಣ್ಣಕ್ಕನಿಗೂ ಇನ್ನೂ ಮದುವೆಯಾಗಿರಲಿಲ್ಲ. "ಅರಿಸಿನ ಮೆತ್ತಿಕೊಂಡು ಬಂದ ಗಂಡನ್ನು ಬರಿದೇ ಕಳಿಸೋದು ಹೇಗೆ?" ಎಂದಳು. ಒಂದು ಮದುವೆಗೆ ಹಾಕಿದ ಚಪ್ಪರದಲ್ಲಿ ಎರಡು ಮದುವೆಗಳಾದವು.

ಗೌರಿಗೆ ಹೊಟ್ಟೆ ತುಂಬ ಹಸಿರು ಹುಲ್ಲು ಸಿಕ್ಕಿತು. ಅದರ ಗಂಜಲದಿಂದ ಮಾಡಿ ಉಳಿದಿದ್ದ ಬಣ್ಣ ದುಗ್ಗವ್ವನ ಚಿತ್ರಗಳಲ್ಲಿ ಅರಮನೆಯ ಗೋಡೆ ಏರಿತು. ಅದು ಎಲ್ಲಿಯದೆಂದು ರಾಣಿ ಕೇಳಲಿಲ್ಲ, ದುಗ್ಗವ್ವ ಹೇಳಲಿಲ್ಲ, ಎಲ್ಲರೂ ನಗುನಗುತ್ತ ಬಾಳಿದರು.