ದ್ವಾರಕಾನಾಥ ಅಂಕಲ್ಲರ ಎರಡು ಕಾರು

“ನೋಡಿ, ಇದೇ ಆ ಎಕ್ಸ್‌ಟ್ರಾ!”

ದ್ವಾರಕಾನಾಥ ಅಂಕಲ್ ಅಮರನ ತಲೆಯ ಮೇಲೆ ಕೈಯಿಟ್ಟು, ತಮ್ಮ ಮನೆಯ ಹಾಲ್‌ನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು. “ನಮ್ಮ ಸಿದ್ದರಾಮಪ್ಪನೋರಿಗೆ ಮೂರು ಹೆಣ್ಣು ಸಾಲಲಿಲ್ಲ. ನಾಲ್ಕನೇದು ಈ ಮಹಾರಾಯ! ಇಂಡಿಯಾದಲ್ಲಿ ಗೋಡೆ ಗೋಡೆಗೂ ಫ್ಯಾಮಿಲಿ ಪ್ಲಾನಿಂಗ್ ಕೆಂಪು ತ್ರಿಕೋನ ಬರೆದ್ರೂ ಇವರ ಕಣ್ಣಿಗೆ ಬೀಳಲಿಲ್ಲ. ಹಿಂಗೆ ಹೆತ್ರೆ ಭೂಮಿ ತಡೆಯುತ್ತಾ? ಗ್ಯಾಸ್ ಹೇಗ್ರೀ ಉಳಿಯುತ್ತೆ?”

ಜನ ನಕ್ಕರು. ಪೂಜೆಯ ಸಜ್ಜಿಗೆ ಬಾಯಿ ತುಂಬ ಇಟ್ಟುಕೊಂಡೇ ನಕ್ಕರು.

“ಇರ್ಲಿ ಬಿಡ್ರಿ, ಸರ,” ಎಂದು ಅಪ್ಪನೂ ನಕ್ಕುಬಿಟ್ಟ. ಅಮರನಿಗೆ ಚುಚ್ಚಿದ್ದು ಅದೇ. ಅಮ್ಮ ಮಾತ್ರ ತಲೆ ಬಗ್ಗಿಸಿ, ತಟ್ಟೆಯಲ್ಲಿ ಇಲ್ಲದ ಗೋಡಂಬಿ ಹುಡುಕತೊಡಗಿದಳು.

೧೯೭೪ರ ಆ ಚಳಿಗಾಲ ನ್ಯೂಜೆರ್ಸಿಯಲ್ಲಿ ಗ್ಯಾಸಿಗೆ, ಅಂದರೆ ಪೆಟ್ರೋಲಿಗೆ, ಬರ. ಬಂಕಿನ ಮುಂದೆ ಕಾರುಗಳ ಸಾಲು ಬೀದಿ ದಾಟಿ ಬೆಳೆಯುತ್ತಿತ್ತು. ನಂಬರ್ ಪ್ಲೇಟ್ ಬೆಸವಾದರೆ ಒಂದು ದಿನ, ಸಮವಾದರೆ ಮರುದಿನ, ಹಾಗೆ ಸರದಿ. ಟಿವಿಯಲ್ಲೂ ಅದೇ ಮಾತು, ಸ್ಕೂಲಿನಲ್ಲೂ ಅದೇ. ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ ಭೂಮಿಯ ಚಿತ್ರವನ್ನು ಟೀಚರ್ ಗೋಡೆಗೆ ಅಂಟಿಸಿದ್ದರು.

ಅಮರನಿಗೆ ಹತ್ತು ವರ್ಷ. ಅಂಕಲ್ ಹೇಳಿದ್ದು ನಿಜವೇ? ತಾನು ಹುಟ್ಟದೇ ಇದ್ದಿದ್ದರೆ ಭೂಮಿ ಚೆನ್ನಾಗಿರುತ್ತಿತ್ತೇ?

“ರೀ, ಕಾಫಿಗೆ ಹಾಲಿಲ್ಲ!” ಅಡುಗೆಮನೆಯಿಂದ ಭಾನುಮತಿ ಆಂಟಿ ಕೂಗಿದರು.

ಅಂಗಡಿ ಬೀದಿಯ ತುದಿಯಲ್ಲೇ ಇತ್ತು. ಬಾಗಿಲಲ್ಲಿ ನಿಂತರೆ ಅದರ ಬೋರ್ಡು ಕಾಣುತ್ತಿತ್ತು. ಅಂಕಲ್ ಕಾರಿನ ಕೀ ಎತ್ತಿಕೊಂಡರು. “ಬಾರೋ, ಒಂದು ರೈಡ್ ಹೋಗೋಣ. ಹಾಲು ಹಿಡ್ಕೊಳ್ಳೋಕೆ ನೀನಾದ್ರೂ ಬೇಕಲ್ಲ.”

ಮನೆ ಮುಂದೆ ಎರಡು ಕಾರು. ಒಂದಂತೂ ಸ್ಟೇಷನ್ ವ್ಯಾಗನ್, ಹಡಗೇ ಸರಿ. ಆ ಮನೆಯಲ್ಲಿ ಇರುವವರು ಅಂಕಲ್, ಆಂಟಿ, ಮಗಳು ಪದ್ಮಜಾ, ಅಷ್ಟೇ. ಹಡಗೇ ಹೊರಟಿತು.

“ವೈ ಟೂ ಕಾರ್ಸ್, ಅಂಕಲ್?”

“ಅದಕ್ಕೇ ತಲೆ ಬೇಕು ಅನ್ನೋದು! ಒಂದರ ಪ್ಲೇಟ್ ಆಡ್, ಇನ್ನೊಂದರದ್ದು ಈವನ್. ನಿಮ್ಮಪ್ಪ ದಿನ ಬಿಟ್ಟು ದಿನ ಕ್ಯೂ ನಿಲ್ತಾನೆ. ನನಗೆ ಡೈಲಿ ಗ್ಯಾಸ್!” ಅಂಕಲ್ ಸ್ಟೀರಿಂಗ್ ತಟ್ಟಿದರು.

ಅಂಗಡಿಯ ಮುಂದೆ ಇಳಿದಾಗ ಅವರು ಎಂಜಿನ್ ನಿಲ್ಲಿಸಲಿಲ್ಲ.

“ಯು ಫರ್ಗಾಟ್, ಅಂಕಲ್. ಇಟ್ಸ್ ಸ್ಟಿಲ್ ಆನ್.”

“ಇರ್ಲಿ ಬಿಡೋ. ಆಫ್ ಮಾಡಿದ್ರೆ ಒಳಗೆ ತಣ್ಣಗಾಗುತ್ತೆ.”

ಒಳಗೆ ಅಂಕಲ್ ಅಂಗಡಿಯವನ ಹತ್ತಿರ ಹರಟೆಗೆ ನಿಂತರು. ಸ್ನೋ ಬಗ್ಗೆ, ಎಣ್ಣೆ ಕೊಡದೆ ನಿಲ್ಲಿಸಿದ ಅರಬರ ಬಗ್ಗೆ. “ಟೂ ಮೆನಿ ಪೀಪಲ್, ಮೈ ಫ್ರೆಂಡ್, ದಟ್ಸ್ ದ ಪ್ರಾಬ್ಲಮ್,” ಎಂದು ಬೆರಳೆತ್ತಿ ಹೇಳಿದರು. ಅಂಗಡಿಯವ ಆಕಳಿಸಿದ.

ಅಮರ ಗಾಜಿನಾಚೆ ನೋಡಿದ. ವ್ಯಾಗನ್ ಹಿಂದಿನಿಂದ ಹೊಗೆ ಏಳುತ್ತಲೇ ಇತ್ತು. ಒಳಗೆ ಸಾಲಾಗಿ ಸೀಟುಗಳು. ಒಬ್ಬರೂ ಇಲ್ಲ. ಆ ಖಾಲಿ ಸೀಟುಗಳಿಗೆ ಬೆಚ್ಚನೆ ಗಾಳಿ ಊದುತ್ತಿತ್ತು.

ಬೆಳಿಗ್ಗೆ ಅಪ್ಪನ ಪುಟ್ಟ ಕಾರಿನಲ್ಲಿ ಅವನು ಕೌಸಲ್ಯಕ್ಕನ ತೊಡೆಯ ಮೇಲೆ ಕೂತು ಬಂದಿದ್ದ. ಇನ್ನೊಬ್ಬ ಅಕ್ಕ ರಾಜಿಯ ಮೊಣಕೈ ದಾರಿಯುದ್ದಕ್ಕೂ ಪಕ್ಕೆಗೆ ತಿವಿದಿತ್ತು. ಹೀಟರ್ ಕೆಟ್ಟಿತ್ತು. ಆದರೂ ಯಾರಿಗೂ ಚಳಿಯಾಗಿರಲಿಲ್ಲ.

ಅವನು ಮತ್ತೊಮ್ಮೆ ಆ ಸೀಟುಗಳನ್ನು ನೋಡಿದ. ಆಮೇಲೆ ಅಂಕಲ್ಲರನ್ನು ನೋಡಿದ. ಬೆಳಿಗ್ಗೆ ಎತ್ತರವಾಗಿ ಕಂಡಿದ್ದ ಅಂಕಲ್ ಈಗ ಹಾಗೆ ಕಾಣಲಿಲ್ಲ. ಎದೆಯ ಮೇಲೆ ಕೂತಿದ್ದ ಆ ‘ಎಕ್ಸ್‌ಟ್ರಾ’ ಇಳಿದುಹೋಯಿತು.

ಹೊರಗೆ ಬಂದು ಅಂಕಲ್ ಬಾಗಿಲು ತೆರೆದರು. “ಹತ್ತು.”

ಅಮರ ಹತ್ತಲಿಲ್ಲ.

“ಏನೋ? ಅಲ್ಲಿ ಅಂದದ್ದಕ್ಕೆ ಕೋಪಾನಾ? ಜೋಕ್ ಕಣೋ! ನಿಮ್ಮಪ್ಪಾನೇ ನಗಲಿಲ್ವಾ? ಬಾ, ಕೈ ಮರಗಟ್ಟುತ್ತೆ.”

ಅಮರ ಹಾಲಿನ ಕಾರ್ಟನ್ ಎದೆಗವಚಿಕೊಂಡು ಸೈಡ್‌ವಾಕಿಗೆ ಕಾಲಿಟ್ಟ. ಹಿಂದೆ ಹಾರ್ನ್ ಕೂಗಿತು.

“ಏಯ್, ಮಾತಾಡೋ! ಬಾಯಿಲ್ವೇನೋ ನಿನಗೆ?”

ಹಿಮ ಕಾಲಡಿ ಕರಕರ ಎನ್ನುತ್ತಿತ್ತು. ಅಮರ ತಿರುಗಿ ನೋಡದೆ ನಡೆಯುತ್ತಾ ಹೋದ.