ಬೇಕರಿಯವನ ಮನೆಯವರು ಊಟಕ್ಕೆ ಬಂದ ಸಂಜೆ

"ಈ ಬ್ರೆಡ್ ಮಾಡಿದ್ದು ಯಾರು?"

ಮಧ್ಯಾಹ್ನದ ಗದ್ದಲದ ನಡುವೆ ಆ ದನಿ ಕೇಳಿ ಅವಳು ಅಡುಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಸೌಟು, ಹಣೆಯಲ್ಲಿ ಬೆವರು.

"ನಾನೇ. ಯಾಕೆ?"

ಕಿಟಕಿ ಪಕ್ಕದ ಮೇಜಿನಲ್ಲಿದ್ದವನು ಎದ್ದು ನಿಂತ. ಎತ್ತರದ ಆಳು, ಮೊಣಕೈವರೆಗೂ ಹಿಟ್ಟು. ರಸ್ತೆಯ ಆಚೆ ಬದಿ ಹೊಸದಾಗಿ ಬೇಕರಿ ತೆರೆದವನು ಇವನೇ ಎಂದು ಅವಳಿಗೆ ತಕ್ಷಣ ಗೊತ್ತಾಯಿತು.

"ಮೀನು ಅದ್ಭುತ. ಇಂಥ ರುಚಿ ನಾನು ಎಲ್ಲೂ ನೋಡಿಲ್ಲ. ಬ್ರೆಡ್ ಮಾತ್ರ..."

"ಮಾತ್ರ?"

"ಸ್ವಲ್ಪ... ಗಟ್ಟಿ."

ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು! ಅವಳ ಅಡುಗೆಗೆ ಹೆಸರಿಟ್ಟವರು ಆ ಊರಿನಲ್ಲಿ ಇದುವರೆಗೆ ಹುಟ್ಟಿರಲಿಲ್ಲ.

"ಹಲ್ಲು ಗಟ್ಟಿ ಇಲ್ಲದವರಿಗೆ ಬಿಸಿ ಹಾಲು ಸಿಗುತ್ತೆ. ತರಲಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಗಲ್ಲಾದಲ್ಲಿ ಕೂತಿದ್ದ ಅವಳ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ವಿಚಿತ್ರವೆಂದರೆ ಅವನೂ ನಕ್ಕ... ಕಣ್ಣಿನ ಅಂಚಿನವರೆಗೂ ಹರಡುವ ನಗು. ಅವಳು ದಡಕ್ಕನೆ ಒಳಗೆ ಹೋದಳು. ಸಿಟ್ಟು ಬಂದಿದ್ದು ನಿಜ. ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ ಎಂಬುದು ಮಾತ್ರ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲ ಬಳಿ ಬಟ್ಟೆಯಲ್ಲಿ ಸುತ್ತಿಟ್ಟ ಬ್ರೆಡ್. ಇನ್ನೂ ಬಿಸಿ ಆರಿರಲಿಲ್ಲ.

'ತಿನ್ನಲ್ಲ,' ಎಂದುಕೊಂಡಳು. ಒಂದು ಚೂರು ಮುರಿದಳು. ಇನ್ನೊಂದು ಚೂರು. ಅಮ್ಮ ಎದ್ದು ಬರುವಷ್ಟರಲ್ಲಿ ಅರ್ಧ ಖಾಲಿ.

'ಹಾಳಾದವನು... ಎಷ್ಟು ಚೆನ್ನಾಗಿ ಮಾಡಿದ್ದಾನೆ!'

ಅಲ್ಲಿಂದ ಶುರುವಾಯಿತು. ಅವನಿಗೆ ಮೀನು ಹಸನು ಮಾಡುವುದನ್ನು ಅವಳು ಹೇಳಿಕೊಟ್ಟಳು, ಅವಳಿಗೆ ಹಿಟ್ಟು ನಾದುವುದನ್ನು ಅವನು. ಅವಳ ಬ್ರೆಡ್ ಮೆತ್ತಗಾಯಿತು. ಅವನ ಬೆರಳಿಗೆ ಮುಳ್ಳು ಚುಚ್ಚಿದ್ದಕ್ಕೆ ಲೆಕ್ಕವಿಲ್ಲ. ಸಂಜೆ ಬೇಕರಿ ಮುಚ್ಚಿ ನೇರ ಇಲ್ಲಿಗೇ ಬರುತ್ತಿದ್ದ. ಊಟ ಮುಗಿದರೂ ಏಳುತ್ತಿರಲಿಲ್ಲ.

"ಅವನಿಗೆ ಮನೆ ಇಲ್ವೇನೆ?" ಅಮ್ಮ ಕಣ್ಣು ಮಿಟುಕಿಸುತ್ತಿದ್ದಳು.

"ನನಗೇನು ಗೊತ್ತು? ಹೋಗಿ ಕೇಳು!"

ಹೀಗೆ ಸಿಡುಕಿದರೂ ಅವನು ಒಂದು ಸಂಜೆ ತಡವಾಗಿ ಬಂದರೆ ಅವಳ ಕಣ್ಣು ಬಾಗಿಲ ಕಡೆಗೇ.

ಆ ಹೋಟೆಲೆಂದರೆ ಅವಳಿಗೆ ಪ್ರಾಣ. ಕೆರೆಯ ದಂಡೆಯಲ್ಲಿ ದೋಣಿಯವರಿಗೆ ಊಟ ಹಾಕುತ್ತ ಅಜ್ಜಿ ಶುರು ಮಾಡಿದ್ದು, ಮಂಡಿ ನೋವು ತಡೆಯಲಾಗದಷ್ಟಾಗುವ ತನಕ ಅಮ್ಮ ನಡೆಸಿದ್ದು. ಈಗ ಒಲೆ ಅವಳದು. ಕೆರೆಯಲ್ಲಿ ಸಿಕ್ಕ ಮೀನು, ಗುಡ್ಡದಿಂದ ಬಂದ ಸೊಪ್ಪು, ಹಿತ್ತಲಿನ ಕುಂಬಳ... ಬೆಳಿಗ್ಗೆ ಏನು ಬಂತೋ ಅದೇ ಆ ದಿನದ ಅಡುಗೆ. 'ಬೇರೆ ಏನಿದೆ?' ಎಂದು ಕೇಳಿದವರಿಗೆ ಅವಳು ಬಾಗಿಲು ತೋರಿಸುತ್ತಿದ್ದಳು!

ಒಂದು ದಿನ ಅವನು ತಡವರಿಸುತ್ತ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಭಾನುವಾರ ಸಂಜೆ ನಮ್ಮ ಮನೆಯವರು ಬರ್ತಿದಾರೆ. ಅಪ್ಪ, ಅಣ್ಣ, ಅಜ್ಜಿ. ಊಟ ಇಲ್ಲೇ ಆಗ್ಬೇಕು ಅಂತ ನನ್ನಾಸೆ. ನಿಮ್ಮನ್ನ ಅವರಿಗೆ ತೋರಿಸ್ಬೇಕು... ಅಂದ್ರೆ... ನಿಮ್ಮ ಅಡುಗೆನ!"

ಅವನ ಕಿವಿ ಕೆಂಪಾಗಿತ್ತು. ಅವಳು ಕುಂಬಳ ಹೆಚ್ಚುತ್ತ ತಲೆ ತಗ್ಗಿಸಿದಳು.

"ಬರ್ಲಿ. ಹೊಟ್ಟೆ ತುಂಬ ಊಟ ಹಾಕ್ತೀನಿ."

ಅವನ ಮನೆಯವರದು ದೊಡ್ಡ ವ್ಯಾಪಾರ, ದೊಡ್ಡ ಊರುಗಳಲ್ಲೆಲ್ಲ ಅವರ ಹೋಟೆಲುಗಳು. ಅದು ಅವಳಿಗೆ ಗೊತ್ತಿತ್ತು. ಅಳುಕಿದಳೇ? ಇಲ್ಲ! ಭಾನುವಾರ ಬೆಳಕು ಹರಿಯುವ ಮೊದಲೇ ಕೆರೆಗೆ ಹೋಗಿ ಮೀನು ಆರಿಸಿ ತಂದಳು.

ಸಂಜೆ ಕಾರು ಬಂದು ನಿಂತಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿಯ ಬಿಗಿ ಮನುಷ್ಯ. ಅಜ್ಜಿ ಹಿಡಿಯಷ್ಟೇ ಇದ್ದರೂ ಕಣ್ಣು ಚುರುಕು. ಅಣ್ಣ ಮಾತ್ರ ಒಳಗೆ ಬಂದವನೇ ಚಾವಣಿ ನೋಡಿದ, ಗೋಡೆ ತಟ್ಟಿದ, ಕಿಟಕಿಯಿಂದ ಕೆರೆಯನ್ನು ಅಳೆಯುವವನಂತೆ ದಿಟ್ಟಿಸಿದ.

ಅವಳು ತಟ್ಟೆ ತರಲು ಹಿಂದಿನ ಕೋಣೆಗೆ ಹೋದಳು. ಕೈ ತೊಳೆಯಲು ಹಿತ್ತಲಿಗೆ ಬಂದಿದ್ದ ಅಪ್ಪ, ಅಣ್ಣ ಇಬ್ಬರ ಮಾತು ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು.

"ಜಾಗ ಸೂಪರ್, ಅಪ್ಪ. ಈ ಗೋಡೆ ಎಲ್ಲ ಒಡೆದುಹಾಕಿ ಮೇಲೊಂದು ಮಹಡಿ ಎಬ್ಬಿಸಿದ್ರೆ ಕೆರೆಯ ನೋಟ ಪೂರ್ತಿ ನಮ್ಮದೇ. ತಮ್ಮ ಸುಮ್ನೆ ಈ ಊರು ಹಿಡಿದು ಕೂತಿಲ್ಲ. ತಾಯಿ ಮಗಳನ್ನ ಚೆನ್ನಾಗಿ ಒಲಿಸ್ಕೊಂಡಿದಾನೆ. ಇನ್ನು ಮಾತಾಡೋದೊಂದೇ ಬಾಕಿ."

ಅವಳು ತಟ್ಟೆಗಳನ್ನು ಕೆಳಗಿಟ್ಟಳು.

'ಒಲಿಸ್ಕೊಂಡಿದಾನೆ... ಅಂದರೆ ಆ ಬ್ರೆಡ್, ಆ ನಗು, ಸಂಜೆಯೆಲ್ಲ ಕೂತಿದ್ದು... ಎಲ್ಲ ಈ ಜಾಗಕ್ಕಾ?'

ಕಣ್ಣು ತುಂಬಿತು. ಎರಡು ಉಸಿರು ಎಳೆದುಕೊಂಡಳು. ಇಲ್ಲ, ಇವರ ಮುಂದೆ ಅಳುವುದಿಲ್ಲ. ಬಡಿಸಿಯೇ ಬಡಿಸುತ್ತೇನೆ. ಈ ಮನೆಯ ಊಟ ಎಂದರೆ ಏನು ಎಂದು ತಿಳಿಯಲಿ!

ಬಡಿಸಿದಳು. ಹಬೆಯಾಡುವ ಮೀನು, ಬೆಂದು ಮೆತ್ತಗಾದ ಕುಂಬಳ, ಸೊಪ್ಪು, ಬ್ರೆಡ್. ಎಲ್ಲರ ತಟ್ಟೆಯೂ ತುಂಬಿದ ಮೇಲೆ ಮೇಜಿನ ತುದಿಯಲ್ಲಿ ನೆಟ್ಟಗೆ ನಿಂತಳು.

"ಊಟಕ್ಕೆ ಮುಂಚೆ ಒಂದು ಮಾತು. ಈ ಗೋಡೆಗಳನ್ನ ನಮ್ಮಜ್ಜಿ ತಾನೇ ಮಣ್ಣು ಹೊತ್ತು ಕಟ್ಟಿಸಿದ್ದು. ನಮ್ಮಮ್ಮ ಇಲ್ಲೇ ನಿಂತು ನಿಂತು ಕಾಲು ಕಳ್ಕೊಂಡ್ಳು. ನಾನು ನಡೆಯೋಕೆ ಕಲಿತಿದ್ದೇ ಈ ಮೇಜುಗಳ ಮಧ್ಯೆ. ಇದು ಮಾರಾಟಕ್ಕಿಲ್ಲ. ಯಾರು ಎಷ್ಟೇ ಒಲಿಸಿದ್ರೂ ಇಲ್ಲ! ನೀವು ನಮ್ಮ ಅತಿಥಿಗಳು, ಹೊಟ್ಟೆ ತುಂಬ ಊಟ ಮಾಡಿ. ಆದ್ರೆ ಬೇರೆ ಏನಾದ್ರೂ ಲೆಕ್ಕ ಹಾಕ್ಕೊಂಡು ಬಂದಿದ್ರೆ, ಅದನ್ನ ಹಾಗೇ ವಾಪಸ್ ತಗೊಂಡು ಹೋಗಿ."

ಬೇಕರಿಯವನ ಮುಖ ಬಿಳಿಚಿಕೊಂಡಿತು. ಬಾಯಿ ತೆರೆದ. ಮಾತು ಹೊರಡಲಿಲ್ಲ.

ಆ ಮೌನವೇ ಅವಳಿಗೆ ಉತ್ತರವಾಯಿತು. ತಿರುಗಿ ಅಡುಗೆಮನೆಗೆ ನಡೆದಳು. ಒಲೆಯ ಮುಂದೆ ನಿಂತ ಮೇಲೆ ಕಣ್ಣೀರು ತಡೆಯಲಾಗಲಿಲ್ಲ. 'ಒಂದು ಮಾತು... ಇಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?'

ಆಗ ಹೊರಗೆ ಕುರ್ಚಿ ಸರಿದ ಸದ್ದು. ಅವನ ದನಿ. ಅದು ಅಷ್ಟು ಗಡುಸಾಗಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ಅಣ್ಣ, ಏನು ಹೇಳ್ದೆ ನೀನು ಇವರಿಗೆ?"

"ಅವರಿಗೆ ಏನೂ ಹೇಳಿಲ್ಲ ಮಾರಾಯ! ಅಪ್ಪನ ಹತ್ರ ಜಾಗದ ವಿಷಯ ಮಾತಾಡ್ದೆ, ಅಷ್ಟೇ. ಕೇಳಿಸ್ಕೊಂಡ್ರೋ ಏನೋ."

"ಫೋನಲ್ಲೇ ಬೇಡ ಅಂದಿದ್ದೆ ತಾನೆ? ಆ ಮಾತು ಎತ್ತೋದಾದ್ರೆ ಬರಲೇಬೇಡಿ ಅಂದಿದ್ದೆ. ಅಪ್ಪ, ನಿಮ್ಮ ಮುಂದೇನೆ ಹೇಳ್ತೀನಿ. ನಾನು ನಿಮ್ಮನ್ನ ಕರೆಸಿದ್ದು ಜಾಗ ತೋರಿಸೋಕಲ್ಲ. ಈಗ ತಲೆ ಎತ್ತಿ ನಿಂತು ಮಾತಾಡಿದ್ರಲ್ಲ, ಅವರನ್ನ ತೋರಿಸೋಕೆ. ಅವರು ಒಪ್ಪಿದ್ರೆ ಮದುವೆ ಆಗ್ಬೇಕು ಅಂತಿದೀನಿ. ಅವರನ್ನ ಕೇಳೋಕೆ ಧೈರ್ಯ ಬಂದಿರ್ಲಿಲ್ಲ... ಈಗಂತೂ ಒಪ್ತಾರೋ ಇಲ್ವೋ ಗೊತ್ತಿಲ್ಲ."

ಒಳಗೆ ಅವಳು ಬಾಗಿಲ ಹತ್ತಿರಕ್ಕೆ ಬಂದಳು.

"ಈ ಊರಲ್ಲೇ ಇದ್ದುಬಿಡ್ತೀಯಾ?" ಅಪ್ಪನ ದನಿ ತಣ್ಣಗಿತ್ತು. "ಹಾಗಾದ್ರೆ ನಮ್ಮ ವ್ಯಾಪಾರದಲ್ಲಿ ನಿನಗೆ ಜಾಗ ಇರಲ್ಲ. ಯೋಚನೆ ಮಾಡಿದ್ದೀಯಾ?"

"ಮಾಡಿದ್ದೀನಿ ಅಪ್ಪ. ನನಗೆ ನನ್ನ ಬೇಕರಿ ಇದೆ. ಸಾಕು."

ಅಜ್ಜಿ ಮೇಜು ತಟ್ಟಿ ಗದರಿದಳು.

"ಆಯ್ತಲ್ಲ ಎಲ್ಲರದೂ? ಊಟ ಆರ್ತಿದೆ. ಆ ಹುಡುಗಿ ಕಣ್ಣಲ್ಲಿ ನೀರಿಟ್ಕೊಂಡು ಬಡಿಸಿದಾಳೆ, ಒಂದು ಚೂರೂ ಬಿಡೋ ಹಾಗಿಲ್ಲ. ತಿನ್ರೋ!"

ತಿಂದರು. ಅಣ್ಣ ಎರಡನೇ ಸಲ ಮೀನು ಹಾಕಿಸಿಕೊಂಡ. ಅಜ್ಜಿ ಮೂರನೇ ಸಲ ಕುಂಬಳ. ಬಡಿಸಿದ್ದು ಅಮ್ಮ, ಮಂಡಿ ಹಿಡಿದುಕೊಂಡು, ಆದರೆ ಮಹಾರಾಣಿಯ ಗತ್ತಿನಲ್ಲಿ.

ಅವನ ಅಪ್ಪ ತಟ್ಟೆ ಖಾಲಿ ಮಾಡಿ ಅವಳ ಅಮ್ಮನ ಕಡೆ ತಿರುಗಿದರು.

"ನನ್ನ ಹೋಟೆಲುಗಳಲ್ಲಿ ನೂರು ಜನ ಅಡುಗೆಯವರಿದಾರೆ. ನನ್ನ ಮುಖಕ್ಕೆ ಹೊಡೆದ ಹಾಗೆ ಮಾತಾಡೋ ಧೈರ್ಯ ಒಬ್ಬರಿಗೂ ಇಲ್ಲ. ಮಗಳನ್ನ ಚೆನ್ನಾಗಿ ಬೆಳೆಸಿದ್ದೀರಿ ಅಮ್ಮ. ಜಾಗದ ಮಾತು ಇನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲ್ಲ."

"ನಾನು ಬೆಳೆಸಿದ್ದಲ್ಲ ಸ್ವಾಮಿ," ಅಮ್ಮ ಗಲ್ಲ ಎತ್ತಿ ಹೇಳಿದಳು. "ಅವಳೇ ಹಾಗೆ ಬೆಳೆದ್ಲು. ನಾನು ಅಡ್ಡ ಬರ್ಲಿಲ್ಲ, ಅಷ್ಟೇ."

ಒಳಗೆ ಅವಳು ಮುಖ ತೊಳೆದುಕೊಂಡಳು. ತಪ್ಪು ತನ್ನದೂ ಇತ್ತು. ಒಪ್ಪಿಕೊಳ್ಳುವುದು ಸುಲಭವಿರಲಿಲ್ಲ. ಆದರೆ ಎಲ್ಲರ ಮುಂದೆ ಆರೋಪ ಮಾಡಿದವಳು ಮೂಲೆಯಲ್ಲಿ ಕ್ಷಮೆ ಕೇಳುವುದೇ? ಅವಳು ಹೊರಗೆ ಬಂದಳು.

"ನಿಮ್ಮ ಬಗ್ಗೆ ತಪ್ಪು ತಿಳ್ಕೊಂಡೆ," ಬೇಕರಿಯವನನ್ನೇ ನೋಡುತ್ತ ಹೇಳಿದಳು. "ಕೇಳದೇನೆ ತೀರ್ಮಾನ ಮಾಡ್ಬಿಟ್ಟೆ. ಕ್ಷಮಿಸಿ. ಆದ್ರೆ ಈ ಜಾಗದ ಬಗ್ಗೆ ಆಡಿದ ಮಾತಲ್ಲಿ ಒಂದಕ್ಷರಾನೂ ವಾಪಸ್ ತಗೊಳ್ಳಲ್ಲ."

"ತಗೋಬೇಡಿ! ಆ ಮಾತು ಕೇಳ್ತಾ ನನಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ... ನನ್ನ ಪರವಾಗಿ ಮಾತಾಡೋದೇ ಮರೆತುಹೋಯ್ತು."

ಅಜ್ಜಿ ಕಿಸಕ್ಕನೆ ನಕ್ಕಳು. ಮೊಮ್ಮಕ್ಕಳಲ್ಲಿ ದೊಡ್ಡವನ ತೋಳು ಹಿಡಿದು, ಮಗನಿಗೂ ಕಣ್ಸನ್ನೆ ಮಾಡಿ, "ನಡೀರಿ, ಕೆರೆ ನೋಡ್ಕೊಂಡು ಬರೋಣ. ನೋಡೋದು ಮಾತ್ರ!" ಎಂದು ಎಲ್ಲರನ್ನೂ ಹೊರಡಿಸಿದಳು. ಅಮ್ಮನಿಗೂ ಇದ್ದಕ್ಕಿದ್ದಂತೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಯಿತು.

ಇಬ್ಬರೇ ಉಳಿದರು. ಅವನು ಕುರ್ಚಿ ಎಳೆದ.

"ಕೂತ್ಕೊಳ್ಳಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ನನಗೆ ಗೊತ್ತು."

ಯಾವತ್ತೂ ಬಡಿಸಿ ರೂಢಿಯಾದವಳು, ಬಡಿಸಿಕೊಂಡು ರೂಢಿಯಿಲ್ಲ. ಕೂತಳು. ಅವನು ಮೀನಿನ ಒಳ್ಳೆಯ ತುಂಡನ್ನೇ ಆರಿಸಿ ಅವಳ ತಟ್ಟೆಗೆ ಹಾಕಿದ.

"ಅಪ್ಪನಿಗೆ ಹೇಳಿದ್ದು ನಿಜಾನಾ?" ಅವಳು ತಟ್ಟೆ ನೋಡುತ್ತಲೇ ಕೇಳಿದಳು.

"ಯಾವುದು?"

"ಮಳ್ಳನ ಹಾಗೆ ಆಡ್ಬೇಡಿ. ಎಲ್ಲರ ಮುಂದೆ ಹೇಳಿದ್ರಿ, ನನಗೊಬ್ಬಳಿಗೇ ಇನ್ನೂ ಹೇಳಿಲ್ಲ."

ಅವನು ಅವಳ ಪಕ್ಕ ಕೂತ. ಕಿವಿ ಮತ್ತೆ ಕೆಂಪಾಯಿತು.

"ನನಗೆ ನೀನು ಬೇಕು. ನಿನ್ನ ಸಿಟ್ಟು, ಈ ಒಲೆ, ನಿಮ್ಮಮ್ಮನ ಕೀಟಲೆ, ಎಲ್ಲಾನೂ ಸೇರಿಸಿ ಬೇಕು. ಮದುವೆ ಆಗ್ತೀಯಾ?"

ನೀವು ಎನ್ನುತ್ತಿದ್ದವನ ಬಾಯಲ್ಲಿ ಮೊದಲ ಸಲ 'ನೀನು'! ಅವಳ ಎದೆ ತುಂಬಿ ಬಂತು. ಆದರೂ ಗಲ್ಲ ಎತ್ತಿದಳು, ಥೇಟ್ ಅಮ್ಮನ ಹಾಗೆ.

"ನಾನು ಈ ಒಲೆ ಬಿಟ್ಟು ಎಲ್ಲಿಗೂ ಬರಲ್ಲ. ಗೊತ್ತಿರ್ಲಿ."

"ನೀನು ಯಾಕೆ ಬರ್ಬೇಕು? ನಾನೇ ಬರ್ತೀನಿ. ರಸ್ತೆ ದಾಟಿದ್ರೆ ಆಯ್ತಲ್ಲ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು ಮೊದಲ ತುತ್ತನ್ನು ಅವನ ಬಾಯಿಗೆ ಹಿಡಿದಳು.

"ಹಾಗಾದ್ರೆ ಬಾ," ಎಂದಳು.